ಜೀರುಂಡೆಗೆ ಹೇಳಿಲ್ಲ

ಅವಳ ಕೆಲಸ ಹೆಸರು ಅಳಿಸುವುದು. ನಗಬೇಡಿ, ಸಂಬಳ ಕೊಟ್ಟು ಮಾಡಿಸುವ ಕೆಲಸ ಅದು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಸಂಶೋಧನಾ ವಿಭಾಗ ಅಂತ ಬೋರ್ಡು ಹೊತ್ತ ಉದ್ದನೆಯ ಕೋಣೆಯಲ್ಲಿ, ಏಸಿಯ ನೀರು ತೊಟ್ಟಿಕ್ಕುವ ಮೂಲೆಯ ಮೇಜು ಅವಳದು. ರೋಗಿಗಳು ಡಾಕ್ಟರ ಮುಂದೆ ಹೇಳಿಕೊಂಡ ಮಾತೆಲ್ಲ ರೆಕಾರ್ಡಾಗಿ ಅವಳ ಕಂಪ್ಯೂಟರಿಗೆ ಬರುತ್ತಿತ್ತು. ಅದನ್ನು ಅಕ್ಷರಕ್ಕೆ ಇಳಿಸಿ, ಹೆಸರು, ಊರು, ಫೋನ್ ನಂಬರು ಸಿಕ್ಕಲ್ಲೆಲ್ಲ ಕಪ್ಪು ಪಟ್ಟಿ ಬಳಿಯುವುದಕ್ಕೆ ಒಂದು ಯಂತ್ರವಿತ್ತು. ಯಂತ್ರ ಬಿಟ್ಟದ್ದನ್ನು ಹುಡುಕಿ ಅಳಿಸುವುದು ಇವಳ ಪಾಲಿನದು. ಜೊತೆಯವರು ಇವಳಿಗೆ ರಬ್ಬರಮ್ಮ ಅಂತ ಹೆಸರಿಟ್ಟಿದ್ದರು.

ಆ ಹೆಸರಿನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಒಳಗೊಳಗೇ ಜಂಬವೇ ಇತ್ತು ಅನ್ನಿ. ಯಾರೋ ಒಬ್ಬ ರೋಗಿ ಮಾತಿನ ಭರದಲ್ಲಿ "ನೀರಿನ ಟ್ಯಾಂಕ್ ಎದುರಿನ ಹಸಿರು ಬಾಗಿಲಿನ ಮನೆ" ಅಂದರೆ ಯಂತ್ರ ತೆಪ್ಪಗಿರುತ್ತಿತ್ತು, ರಬ್ಬರಮ್ಮ ಬಿಡುತ್ತಿರಲಿಲ್ಲ. ಅದೂ ವಿಳಾಸವೇ ತಾನೇ ಅಂತ ಪಟ್ಟಿ ಎಳೆಯುತ್ತಿದ್ದಳು. ತನ್ನ ಕೈದಾಟಿ ಒಬ್ಬರ ಗುರುತೂ ಆಚೆ ಹೋಗಿಲ್ಲ ಅಂತ ಊಟದ ಹೊತ್ತಿನಲ್ಲಿ ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಬಾರದಿತ್ತು, ಆ ಮಾತು ಬೇರೆ.

ಅಧ್ಯಯನ ನಡೆಯುತ್ತಿದ್ದದ್ದು ಕೈನಡುಕದ ಮೇಲೆ. ಬೆರಳಿನಿಂದ ಶುರುವಾಗುವ ನಡುಕ ಮೆಲ್ಲಗೆ ಕಾಲಿಗಿಳಿದು, ನಾಲಗೆಗೆ ಏರಿ, ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕುವಂಥದ್ದು. ಕೆಲವರಿಗೆ ತಾನಾಗಿ ಬರುತ್ತದೆ, ಕೆಲವರಿಗೆ ವಂಶದಲ್ಲಿ ಇಳಿದು ಬರುತ್ತದೆ. ಯಾರದು ಯಾವುದು ಅಂತ ಬೇರ್ಪಡಿಸುವುದೇ ಅಧ್ಯಯನ. ಕಾಯಿಲೆ ಅಪರೂಪದ್ದಾದ್ದರಿಂದ ಒಂದು ದೇಶದ ರೋಗಿಗಳು ಸಾಲುವುದಿಲ್ಲ, ನಾಲ್ಕಾರು ದೇಶದ ಮಾಹಿತಿ ಒಂದು ಕಡೆ ಸೇರಬೇಕು. ಸೇರಿಸುವ ಜವಾಬ್ದಾರಿ ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದ್ದು. ನಮ್ಮವರ ಬಾಯಲ್ಲಿ ಅವರು "ಆಚೆಯವರು".

ಅಯ್ಯೋ, ಆ ಸೇರಿಸುವುದಿದೆಯಲ್ಲ, ಬೀಗರ ಮನೆಯವರು ಮಾತುಕತೆಗೆ ಕೂತ ಹಾಗೆ. ಹೆಸರಿದ್ದರೆ ಕಳಿಸಬೇಡಿ ಅಂತ ನಮ್ಮ ಕಾನೂನು. ಧ್ವನಿಯೂ ಗುರುತೇ, ಆದ್ದರಿಂದ ಧ್ವನಿ ಬೇಡ, ಅಕ್ಷರ ಮಾತ್ರ ಕಳಿಸಿ ಅಂತ ಅವರ ಕಾನೂನು. ಅಕ್ಷರ ಕಳಿಸಿದರೆ ಅದನ್ನು ಎಲ್ಲಿ ಇಡುತ್ತೀರಿ, ಯಾರು ಓದುತ್ತಾರೆ ಅಂತ ನಮ್ಮವರ ತಕರಾರು. ಒಪ್ಪಂದ ಹೋಗುವುದು, ತಿದ್ದುಪಡಿ ಬರುವುದು, ಮತ್ತೆ ಹೋಗುವುದು. ಕಾನೂನು ವಿಭಾಗದವರೊಬ್ಬರು ನಿವೃತ್ತರಾಗಿ ಇನ್ನೊಬ್ಬರು ಬಂದು, ಅವರಿಗೂ ಮೊದಲಿನಿಂದ ಎಲ್ಲ ವಿವರಿಸಿದ್ದಾಯಿತು. ಅಷ್ಟು ಹೊತ್ತೂ ರೋಗಿಗಳ ಮಾತು ರಬ್ಬರಮ್ಮನ ಕಂಪ್ಯೂಟರಿನಲ್ಲಿ ಕೊಳೆಯುತ್ತ ಕೂತಿತ್ತು.

ಆ ರೋಗಿಗಳಲ್ಲಿ ಒಬ್ಬಳು ಅವಳ ಚಿಕ್ಕಮ್ಮ, ಅಂದರೆ ಅಪ್ಪನ ತಮ್ಮನ ಹೆಂಡತಿ. ರಕ್ತದ ನಂಟಿಲ್ಲ, ಆದರೆ ತಾಯಿ ಇಲ್ಲದ ಇವಳಿಗೆ ತಲೆ ಬಾಚಿದ ಕೈ ಅದು. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಬಟ್ಟೆ ಹೊಲಿದು ಮನೆ ನಡೆಸಿದವಳು. ಕೈ ನಡುಗಲು ಶುರುವಾದಾಗ, ಇಷ್ಟು ವರ್ಷ ಹೊಲಿಗೆ ಮಿಷನ್ನಿನ ಮೇಲೆ ಇಟ್ಟ ಕೈ, ಮಿಷನ್ನಿನ ನಡುಕ ಕೈಗೆ ಹತ್ತಿಕೊಂಡಿದೆ ಅಂತ ತಾನೇ ತೀರ್ಮಾನ ಕೊಟ್ಟುಬಿಟ್ಟಳು. ಮನೆಯವರೂ ಹೂಂಗುಟ್ಟಿದರು. ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ಬಲಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ಹೋಗುವುದು ಅವಳಿಗೆ ರೂಢಿಯಾಯಿತು.

ಚಿಕ್ಕಮ್ಮನಿಗೆ ಒಬ್ಬಳೇ ಮಗಳು. ಹುಟ್ಟಿದ ಲಾಗಾಯ್ತು ಸಂಜೆಯಾದರೆ ಸಾಕು ಜೀ ಅಂತ ಒಂದೇ ಶ್ರುತಿ ಹಿಡಿದು ಅಳುತ್ತಿದ್ದ ಆ ಕೂಸಿಗೆ ಚಿಕ್ಕಪ್ಪನೇ ಜೀರುಂಡೆ ಅಂತ ಹೆಸರಿಟ್ಟಿದ್ದ. ಶಾಲೆಯಲ್ಲಿ ಒಂದು ಹೆಸರಿತ್ತು, ಚೆನ್ನಾಗಿಯೇ ಇತ್ತು, ಆದರೆ ಮನೆಯಲ್ಲಿ ಯಾರ ನಾಲಗೆಯೂ ಅದಕ್ಕೆ ಹೊರಳಲಿಲ್ಲ. ಈಗ ಜೀರುಂಡೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಣ್ಣಿಗೂ ಕಾಣದ ತಿರುಪುಗಳನ್ನು ಚಿಮಟಿಯಲ್ಲಿ ಹಿಡಿದು ಫ್ರೇಮಿಗೆ ಕೂರಿಸುವ ಕೆಲಸ. ಬಸ್ ಡ್ರೈವರನ್ನು ಮದುವೆಯಾಗಿ ಗಂಡನನ್ನು ತಾಯಿಯ ಮನೆಗೇ ಕರೆತಂದವಳು. ರಬ್ಬರಮ್ಮನನ್ನು ಅವಳು ಅಕ್ಕಾ ಅಂತ ಕರೆಯುವುದರಲ್ಲಿ ದೊಡ್ಡಪ್ಪನ ಮಗಳು ಅನ್ನುವ ದೂರ ಎಳ್ಳಷ್ಟೂ ಇರಲಿಲ್ಲ.

ಚಿಕ್ಕಮ್ಮನನ್ನು ಅಧ್ಯಯನಕ್ಕೆ ಸೇರಿಸಿದವಳು ರಬ್ಬರಮ್ಮನೇ. ಮುಂದೆ ಹೊಸ ಔಷಧ ಬಂದರೆ ಮೊದಲು ಸಿಗುವುದು ಅಧ್ಯಯನದಲ್ಲಿ ಇರುವವರಿಗೇ ಅಂತ ದೊಡ್ಡ ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ಸುಲಭಕ್ಕೆ ಬಗ್ಗಲಿಲ್ಲ. ಡಾಕ್ಟರು ಮನೆತನದ ವಿಷಯವೆಲ್ಲ ಕೆದಕುತ್ತಾರಂತೆ, ಅದನ್ನೆಲ್ಲ ಬೇರೆ ದೇಶಕ್ಕೆ ಕಳಿಸುತ್ತಾರಂತೆ, ನನಗ್ಯಾಕೆ ಬೇಕು ಅಂತ ರಾಗ ಎಳೆದಳು.

"ನಿನ್ನ ಹೆಸರು ಎಲ್ಲೂ ಹೋಗಲ್ಲ ಚಿಕ್ಕಮ್ಮಾ. ಅಳಿಸೋಳು ನಾನೇ ಅಲ್ವಾ?"

ಆ ಒಂದು ಮಾತಿಗೆ ಚಿಕ್ಕಮ್ಮ ಒಪ್ಪಿದಳು.

ರೆಕಾರ್ಡಿಂಗು ಬಂದ ದಿನ ಬೆಳಿಗ್ಗೆಯೇ ರಬ್ಬರಮ್ಮ ಎಡವಿದ್ದು. ನೆಂಟರ ಮಾತು ತನ್ನ ಮೇಜಿಗೆ ಬಂದರೆ ಎದ್ದು ಹೋಗಿ ಹೇಳಬೇಕು, ಬೇರೆಯವರಿಗೆ ದಾಟಿಸಬೇಕು ಅನ್ನುವುದು ನಿಯಮ. ದಾಟಿಸಿದರೆ ಎದುರು ಮೇಜಿನವಳು ಚಿಕ್ಕಮ್ಮನ ಮನೆತನವನ್ನೆಲ್ಲ ಕೇಳಿಸಿಕೊಳ್ಳುತ್ತಾಳಲ್ಲ ಅನ್ನಿಸಿತು. ತಾನೇ ಇಟ್ಟುಕೊಂಡಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡಳು. ಚಿಕ್ಕಮ್ಮನ ಧ್ವನಿ, ಅಡುಗೆಮನೆಯಲ್ಲಿ ಬಿಸಿನೀರು ಕಾಯುವಾಗ ಪಿಸುಗುಟ್ಟುತ್ತಾಳಲ್ಲ, ಅದೇ ಧ್ವನಿ. ಇದು ಮಿಷನ್ನಿಂದ ಬಂದದ್ದಲ್ಲ ಡಾಕ್ಟ್ರೇ, ನಮ್ಮಮ್ಮನಿಗಿತ್ತು, ಅವರಮ್ಮನಿಗೂ ಇತ್ತಂತೆ. ಜೀರುಂಡೆಗೆ ಹೇಳಿಲ್ಲ.

ರಬ್ಬರಮ್ಮ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟಳು. ಮನೆಯ ಹಿರಿಯರು ಬಚ್ಚಲಲ್ಲಿರುವಾಗ ಬಾಗಿಲು ತಳ್ಳಿದ ಹಾಗಾಯಿತು ಅವಳಿಗೆ. ಕೇಳಬಾರದ್ದು, ನನಗೆ ಹೇಳಿದ್ದಲ್ಲ ಅಂದುಕೊಂಡಳು. ಉಳಿದದ್ದನ್ನು ಯಂತ್ರದ ಪಾಲಿಗೆ ಬಿಟ್ಟು, ಪರದೆಯ ಮೇಲೆ "ಪರಿಶೀಲಿಸಲಾಗಿದೆ" ಅನ್ನುವ ಚೌಕವನ್ನು ಒತ್ತಿದಳು. ಒಂದು ಸಾಲನ್ನೂ ನೋಡದೆ ಅವಳು ಒತ್ತಿದ ಚೌಕ ಅದೊಂದೇ.

ಮರ್ಯಾದೆ ಅಂದುಕೊಂಡಿದ್ದಳು ಅದನ್ನು. ಆದರೆ ಕೇಳಿದ ಮಾತು ಕಿವಿಯಿಂದ ಹೋಗಬೇಕಲ್ಲ? ಆಗಿನ್ನೂ ಜೀರುಂಡೆಗೆ ಮದುವೆಯಾಗಿ ಹೊಸತು. ಮಗು ಈಗಲೇ ಬೇಕಾ, ಒಂದೆರಡು ವರ್ಷ ಹೋಗಲಾ ಅಂತ ಇವಳ ಹತ್ತಿರವೇ ಬಂದು ಕೇಳುತ್ತಿದ್ದಳು. ಇವಳು ಏನೋ ಒಂದು ಹಾರಿಕೆಯ ಮಾತು ಹೇಳಿ ಕಳಿಸುತ್ತಿದ್ದಳು. ಮಗಳಿಗೆ ಹೇಳಿ, ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡೋಣ ಅಂತ ಡಾಕ್ಟರು ಇಂಥವರಿಗೆಲ್ಲ ಹೇಳುತ್ತಿದ್ದರು, ಚಿಕ್ಕಮ್ಮನಿಗೂ ಹೇಳಿರುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಹೇಳಬೇಕಾದವಳು ತಾಯಿ, ನಾನಲ್ಲ. ರೋಗಿಯ ಗುಟ್ಟು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ನಿಯಮ ಅಂದರೆ ನಿಯಮ. ಹೀಗೆ ದಿನಕ್ಕೊಂದು ತೇಪೆ ಹಚ್ಚಿಕೊಂಡು ನಡೆದಳು. ಅತ್ತ ಒಪ್ಪಂದ ಹೋಗಿ ಬಂದು ಮಾಡುತ್ತಿರುವಷ್ಟರಲ್ಲಿ ಇತ್ತ ಜೀರುಂಡೆ ಬಸುರಿಯಾದಳು, ಹೆತ್ತಳು. ಹೆಣ್ಣುಮಗು. ತೊಟ್ಟಿಲ ಪಕ್ಕ ನಿಂತ ಚಿಕ್ಕಮ್ಮ ಬಲಗೈ ಹಿಂದಿಟ್ಟುಕೊಂಡು ಎಡಗೈಯಲ್ಲೇ ಮೊಮ್ಮಗಳ ಕೆನ್ನೆ ಮುಟ್ಟಿದಳು. ರಬ್ಬರಮ್ಮ ಅದನ್ನು ನೋಡಿ ನೆಲ ನೋಡಿದಳು.

ಕೊನೆಗೂ ಎರಡೂ ಕಡೆಯವರ ಸಹಿ ಬಿದ್ದು ಅಕ್ಷರಗಳು ಸಮುದ್ರ ದಾಟಿದವು. ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಆಚೆಯವರಿಂದ ಸಿಹಿಸುದ್ದಿ ಬಂತು. ಮೊದಲ ಹಂತ ಮುಗಿಯಿತಂತೆ, ಭಾಗವಹಿಸಿದವರಿಗೆಲ್ಲ ಕೃತಜ್ಞತೆ ಹೇಳಲು ಒಂದು ಸಭೆ ಮಾಡುತ್ತಾರಂತೆ, ಆಚೆಯ ಪ್ರೊಫೆಸರು ತಾವೇ ಬರುತ್ತಾರಂತೆ. ಸಭೆಯಲ್ಲಿ ತೋರಿಸುವ ಚಿತ್ರಗಳನ್ನು ಅಕ್ಷರದೋಷ ನೋಡಲು ರಬ್ಬರಮ್ಮನಿಗೆ ಕಳಿಸಿದರು. ಅವಳು ಕಾಫಿ ಕುಡಿಯುತ್ತ ಮೊದಲ ಚಿತ್ರ ತೆರೆದಳು.

"ಜೀರುಂಡೆ ಯೋಜನೆ", ದಪ್ಪಕ್ಷರದಲ್ಲಿ. ಕೆಳಗೆ ಸಣ್ಣಗೆ, "ವಂಶದಲ್ಲಿ ಬರುವ ಕೈನಡುಕದ ಅಧ್ಯಯನ". ಪಕ್ಕದಲ್ಲಿ ರೆಕ್ಕೆ ಮಡಚಿ ಕೂತ ಒಂದು ಹುಳದ ಚಿತ್ರ.

ಅವಳು ಕಾಫಿ ಲೋಟ ಕೆಳಗಿಟ್ಟಳು. ಎರಡನೆಯದನ್ನು ತೆರೆದಳು. ಅಲ್ಲಿ ಉದ್ಧರಣೆ ಚಿಹ್ನೆಯೊಳಗೆ ಚಿಕ್ಕಮ್ಮ ಕೂತಿದ್ದಳು: "ಜೀರುಂಡೆಗೆ ಹೇಳಿಲ್ಲ. ಅದರ ಎದುರಿಗೆ ಕೈನ ಬೆನ್ನ ಹಿಂದೆ ಇಟ್ಕೋತೀನಿ. ಅದಕ್ಕೆ ಗೊತ್ತಾದ್ರೆ ನನ್ನ ಕಥೆ ಮುಗೀತು." ಅದರಡಿ ಆಚೆಯವರ ವಿವರಣೆ. ಈ ನಾಡಿನ ರೋಗಿಗಳು ತಮ್ಮ ನಡುಕವನ್ನು ಮೈಯೊಳಗೆ ಸದಾ ಗುಂಯ್‌ಗುಡುವ ಒಂದು ಹುಳುವೆಂದು ಭಾವಿಸುತ್ತಾರೆ. ಅದಕ್ಕೆ ಹೆದರಿ ಕೈಯನ್ನು ಅದರಿಂದಲೇ ಬಚ್ಚಿಡುತ್ತಾರೆ. ಇಷ್ಟು ಸುಂದರವಾದ ಪದ ನಮಗೆ ಬೇರೆ ಯಾವ ಭಾಷೆಯಲ್ಲೂ ಸಿಗಲಿಲ್ಲ.

ತಪ್ಪು ಹೇಗಾಯಿತು ಅಂತ ಅವಳಿಗೆ ಥಟ್ಟನೆ ಹೊಳೆಯಿತು. ಯಂತ್ರಕ್ಕೆ ಗೊತ್ತಿದ್ದದ್ದು ಶಾಲೆಯ ಹೆಸರುಗಳು. ಜೀರುಂಡೆ ಅದರ ಪಾಲಿಗೆ ಬರೀ ಹುಳ, ಹುಳಕ್ಕೆ ಯಾರು ಕಪ್ಪು ಪಟ್ಟಿ ಬಳಿಯುತ್ತಾರೆ? ಇನ್ನು ಆಚೆ ಕೂತು ಅನುವಾದ ಮಾಡಿದವರೋ, ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು. ಚಿಕ್ಕಮ್ಮ "ಅವಳಿಗೆ" ಅಂದಿದ್ದರೆ ಅವರಿಗೆ ಅನುಮಾನ ಬರುತ್ತಿತ್ತೇನೋ. ಮುದ್ದಿಗೆ ಮಕ್ಕಳನ್ನು ಅದು, ಅದಕ್ಕೆ ಅನ್ನುವುದು ನಮ್ಮ ಬಾಯಿಯ ಅಭ್ಯಾಸ; ಮಕ್ಕಳು ಎಷ್ಟು ಬೆಳೆದರೂ ತಾಯಂದಿರ ಬಾಯಲ್ಲಿ ಅದು ಹೋಗುವುದಿಲ್ಲ. ಚಿಕ್ಕಮ್ಮನ ಧ್ವನಿ ಕೇಳಿದ್ದರೆ ಭಾಷೆ ಬಾರದವನಿಗೂ ಇದು ಮಗಳ ವಿಷಯ ಅಂತ ತಿಳಿಯುತ್ತಿತ್ತು. ಆದರೆ ಗುರುತು ಸಿಗಬಾರದು ಅಂತ ಧ್ವನಿಯನ್ನೇ ತಡೆದರಲ್ಲ. ಹೀಗೆ ಎರಡು ದೇಶದ ಕಾನೂನು ಸೇರಿ ಕಾದ ಗುಟ್ಟು ಹೊರಗೆ ಬಂದು ಪರದೆ ಏರಿ ಕೂತಿತು. ಇಷ್ಟನ್ನೂ ತಡೆಯಬಹುದಾಗಿದ್ದ ಜೀವ ಒಂದೇ ಒಂದು, ಅದು ಆ ದಿನ ಹೆಡ್‌ಫೋನು ಕಿತ್ತಿಟ್ಟಿತ್ತು.

ಆಗ ಅವಳು ಉಳಿದ ರೆಕಾರ್ಡಿಂಗನ್ನು ಕೇಳಿದಳು. ಚಿಕ್ಕಮ್ಮ ಕೊನೆಯಲ್ಲಿ, ಡಾಕ್ಟರು ಕೇಳದಿದ್ದರೂ, ಒಂದು ಮಾತು ಹೇಳಿದ್ದಳು. ಹೇಳಿದ್ರೆ ಅದು ಮಗು ಬೇಡ ಅಂದುಬಿಡತ್ತೆ ಡಾಕ್ಟ್ರೇ. ನನಗೆ ಮೊಮ್ಮಗು ಬೇಕು. ನಾನು ಕೆಟ್ಟವಳು ಅಂತ ಬರ್ಕೊಳ್ಳಿ ಬೇಕಾದ್ರೆ.

ರಬ್ಬರಮ್ಮ ಎದ್ದು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಹೇಳಿಬಿಡಬೇಕು ಅಂತಲೇ ಹೋದದ್ದು. ಅದು ಹುಳ ಅಲ್ಲ ಸರ್, ನನ್ನ ತಂಗಿ. ಇಷ್ಟೇ ಮಾತು, ಉಸಿರು ಹಿಡಿದು ಹೇಳಿದರೆ ಮುಗಿಯಿತು. ಹೇಳಿದರೆ ಏನಾಗುತ್ತದೆ ಅನ್ನುವುದೂ ಅವಳಿಗೆ ಬಾಯಿಪಾಠ. ಗುರುತು ಸೋರಿದೆ ಅಂತ ಎರಡೂ ದೇಶಕ್ಕೆ ವರದಿ ಹೋಗಬೇಕು, ಕಳಿಸಿದ ಮಾಹಿತಿಗೆಲ್ಲ ಬೀಗ ಬೀಳುತ್ತದೆ, ವರ್ಷಗಟ್ಟಲೆ ಒದ್ದಾಡಿದ್ದು ನೀರಲ್ಲಿ ಹೋಗುತ್ತದೆ, ಇವಳು ಮನೆಗೆ. ದೊಡ್ಡ ಡಾಕ್ಟರು ಅಷ್ಟೊತ್ತಿಗೆ ಅದೇ ಹುಳ, ಅದೇ ಸಾಲು ಹಾಕಿ ಆಸ್ಪತ್ರೆಯ ಗೋಡೆಗೆ ಮಾಡಿಸುತ್ತಿದ್ದ ಫಲಕದ ಮಾದರಿಯನ್ನು ಮೇಜಿನ ಮೇಲೆ ಹರಡಿಕೊಂಡು ಹೊಸ ಅಂಗಿ ತೊಟ್ಟ ಮಗುವಿನ ಹಾಗೆ ನಗುತ್ತಿದ್ದರು. ಹೇಗಿದೆ ಅಂತ ಕೇಳಿದರು.

"ತುಂಬಾ ಚೆನ್ನಾಗಿದೆ ಸರ್" ಅಂದಳು ರಬ್ಬರಮ್ಮ.

ಆಮೇಲೆ ಹೆಂಗಸರ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದಳು, ಮತ್ತೆ ತೊಳೆದಳು. ಕನ್ನಡಿಯಲ್ಲಿ ಕಂಡದ್ದನ್ನು ನೋಡಲು ಅವಳಿಗೆ ಹೇಸಿಗೆಯಾಯಿತು.

ಸಭೆಗೆ ರೋಗಿಗಳಿಗೆ ಮಾತ್ರ ಪ್ರವೇಶ ಅಂತ ಜೀರುಂಡೆಗೆ ಸುಳ್ಳು ಹೇಳಿ ಚಿಕ್ಕಮ್ಮನನ್ನು ತಾನೇ ಕರೆದುಕೊಂಡು ಹೋದಳು. ಪ್ರೊಫೆಸರು ಬಿಳಿಗೂದಲಿನ ಮೃದು ಮನುಷ್ಯ, ಕೈಮುಗಿದು ಮುಗಿದು ಸಾಕಾದರು ಪಾಪ. ನಿಮ್ಮಲ್ಲಿ ಒಬ್ಬರು ನಮಗೆ ಒಂದು ಪದ ಕೊಟ್ಟಿದ್ದಾರೆ, ಅದನ್ನೇ ಯೋಜನೆಗೆ ಹೆಸರಾಗಿ ಇಟ್ಟಿದ್ದೇವೆ ಅಂತ ದುಭಾಷಿಯ ಮೂಲಕ ಹೇಳಿದರು. ಪರದೆಯ ಮೇಲೆ ಹುಳ ಬಂತು, ಸಾಲು ಬಂತು. ಇದು ನಿಮ್ಮಲ್ಲಿ ಎಲ್ಲರೂ ಬಳಸುವ ಪದವೇ ಅಂತ ಅವರು ಆಸೆಯಿಂದ ಕೇಳಿದರು. ಅಷ್ಟು ದೂರದಿಂದ ಬಂದವರನ್ನು ಬೇಜಾರು ಮಾಡುವುದುಂಟೇ? ಮುಂದಿನ ಸಾಲಿನ ನಿವೃತ್ತ ಪೋಸ್ಟ್‌ಮಾಸ್ತರು ಹೌದು ಹೌದು ಅಂತ ತಲೆಯಾಡಿಸಿದರು. ಅವರ ಹಿಂದೆ ಒಬ್ಬರು, ಪಕ್ಕದಲ್ಲಿ ಇನ್ನೊಬ್ಬರು. ನೋಡುತ್ತ ನೋಡುತ್ತ ಸಭೆಗೆ ಸಭೆಯೇ ತಲೆಯಾಡಿಸಿತು. ಜನ್ಮದಲ್ಲಿ ಆ ಅರ್ಥದಲ್ಲಿ ಆ ಪದ ಕೇಳಿರದವರೆಲ್ಲ.

ಚಿಕ್ಕಮ್ಮ ಒಂದೊಂದೇ ಅಕ್ಷರ ಕೂಡಿಸಿ ಪರದೆಯನ್ನು ಓದಿದಳು. ಓದಿ ಮುಗಿಸಿ ಬಲಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡಳು. ಕುರ್ಚಿಗೆ ತಾಗಿದ ಆ ಕೈ ಟಕಟಕ ಸದ್ದು ಮಾಡುತ್ತಿತ್ತು. ರಬ್ಬರಮ್ಮನ ಕಡೆ ಅವಳು ತಿರುಗಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಒಂದು ಮಾತು ಆಡಿದಳು.

"ಅಳಿಸೋಳು ನಾನೇ ಅಂದಿದ್ದೆ ನೀನು."

ಇಳಿಯುವ ಮುಂಚೆ ಚಿಕ್ಕಮ್ಮನೇ, ಯಾರಿಗೂ ತಿಳಿಯೋ ಹಾಗಿಲ್ಲ ಬಿಡು, ಅದು ಅಲ್ಲಿಗೆ ಬರಲ್ಲ, ನೀನೂ ಸುಮ್ಮನಿದ್ದುಬಿಡು ಅಂದಳು. ಸುಮ್ಮನಿರುವುದರಲ್ಲಿ ರಬ್ಬರಮ್ಮ ಪಳಗಿದ್ದಳಲ್ಲ, ಹೂಂ ಅಂದಳು. ಮನೆಗೆ ಹೋದರೆ ಜೀರುಂಡೆ ಬಾಗಿಲಲ್ಲೇ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಸಭೆ ಹೇಗಿತ್ತು, ಏನೇನು ಹೇಳಿದರು, ಔಷಧ ಯಾವಾಗ ಬರುತ್ತದಂತೆ ಅಂತ ಒಂದೇ ಸಮ ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಚೆನ್ನಾಗಿತ್ತು ಅಂದರು.

ಪದ ಅನ್ನುವುದು ಒಮ್ಮೆ ಬಾಯಿಗೆ ಬಿದ್ದರೆ ಕಾಲು ಬರುತ್ತದೆ ಅದಕ್ಕೆ. ಪ್ರೊಫೆಸರು ವಿಮಾನ ಹತ್ತಿದ ಮೇಲೂ ನರವಿಭಾಗದ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜೀರುಂಡೆ ಉಳಿದುಕೊಂಡಿತು. ಕಾಯಿಲೆಯ ನಿಜವಾದ ಹೆಸರು ಉಚ್ಚರಿಸಲು ಹಲ್ಲು ಉದುರಬೇಕು, ಇದು ಸಲೀಸು. ನಿಮ್ಮ ಜೀರುಂಡೆ ಹೇಗಿದೆ, ನಂದು ನಿನ್ನೆಯಿಂದ ಜೋರು ಅಂತ ಜನ ಮಾತಾಡಿಕೊಳ್ಳಲು ಶುರುಮಾಡಿದರು. ನರ್ಸುಗಳೂ ಅನ್ನತೊಡಗಿದರು. ರಬ್ಬರಮ್ಮ ಆ ದಾರಿಯನ್ನೇ ಬಿಟ್ಟು ಹಿಂದಿನ ಮೆಟ್ಟಿಲು ಹತ್ತಿ ತನ್ನ ಮೇಜಿಗೆ ಹೋಗುತ್ತಿದ್ದಳು.

ಒಂದು ದಿನ ಚಿಕ್ಕಮ್ಮನಿಗೆ ಶೀತವಾಗಿ ಹೊರಡಲಾಗಲಿಲ್ಲ. ಅವಳ ಮಾತ್ರೆ ತೆಗೆದುಕೊಂಡು ಹೋಗಲು, ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಜೀರುಂಡೆಯೇ ಬಂದಳು. ಆ ಕುರ್ಚಿಗಳಲ್ಲೇ ಕೂತಳು. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ತರು ಕಂಪೌಂಡರನಿಗೆ, "ಇವತ್ತು ಜೀರುಂಡೆ ಸುಮ್ನೆ ಕೂರೋಕೇ ಬಿಡ್ತಿಲ್ಲಪ್ಪ" ಅಂದರು. ಜೀರುಂಡೆ ಪಕಪಕ ನಕ್ಕುಬಿಟ್ಟಳಂತೆ. ನಾನು ಏನು ಮಾಡಿದೆ ನಿಮಗೆ ಅಂತ ತಮಾಷೆಗೆ ಕೇಳಿದಳಂತೆ. ಅವರು ಗೋಡೆಯ ಫಲಕ ತೋರಿಸಿದರು.

ರಬ್ಬರಮ್ಮ ತಲೆಯೆತ್ತಿದಾಗ ಜೀರುಂಡೆ ಮೇಜಿನ ಮುಂದೆ ನಿಂತಿದ್ದಳು. ಕೈಯಲ್ಲಿ ಮಾತ್ರೆಯ ಚೀಟಿ ಹಾಗೇ ಇತ್ತು. ಕೋಣೆಯವರೆಲ್ಲ ನೋಡುತ್ತಿದ್ದುದರಿಂದ ರಬ್ಬರಮ್ಮ ಅವಳನ್ನು ಹಿಂದಿನ ಮೆಟ್ಟಿಲ ತಿರುವಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಲು ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು.

"ಅದು ಅಮ್ಮನ ಮಾತು ತಾನೇ?"

ಹೌದು ಅಂದಳು.

"ನನಗೆ ಹೇಳದೆ ಇದ್ದದ್ದೇನು?"

ರಬ್ಬರಮ್ಮ ಹೇಳಿದಳು. ಚಿಕ್ಕಮ್ಮನ ತಾಯಿಗಿತ್ತು, ಆ ತಾಯಿಯ ತಾಯಿಗಿತ್ತು ಅಂತ. ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ರಕ್ತಪರೀಕ್ಷೆ ಮಾಡಿದರೆ ತಿಳಿಯುತ್ತದೆ ಅಂತ. ರೆಕಾರ್ಡಿಂಗು, ಯಂತ್ರ, ತಾನು ನೋಡದೆ ಒತ್ತಿದ ಚೌಕ, ಎಲ್ಲವನ್ನೂ ಹೇಳಿದಳು. ಮೊಮ್ಮಗು ಬೇಕು ಅಂದ ಮಾತೊಂದನ್ನು ಹೇಳಲಿಲ್ಲ. ಅದನ್ನು ಮಾತ್ರ ಅಳಿಸಿದಳು. ಸರಿಯೋ ತಪ್ಪೋ, ನನ್ನನ್ನು ಕೇಳಬೇಡಿ.

ಜೀರುಂಡೆ ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ, ಬೆರಳು ಬಿಡಿಸಿ, ಸ್ವಲ್ಪ ಹೊತ್ತು ನೋಡಿದಳು. ನಡುಗುತ್ತಿರಲಿಲ್ಲ. ಆಮೇಲೆ ಕೇಳಿದಳು.

"ನಿನಗೆ ಯಾವಾಗ ಗೊತ್ತಾಯ್ತು ಅಕ್ಕಾ?"

"ರೆಕಾರ್ಡಿಂಗ್ ಬಂದಾಗ."

"ಅಂದ್ರೆ ಮಗು ಹುಟ್ಟೋಕೆ ಮುಂಚೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ರಬ್ಬರಮ್ಮನಿಗೆ. ತಲೆ ಎದೆಗೆ ತಾಗುವಷ್ಟು ತಗ್ಗಿತು. ಹಾಗೇ ತಗ್ಗಿಸಿಕೊಂಡೇ, ನಿಯಮ ಇತ್ತು, ರೋಗಿ ಹೇಳಿದ್ದನ್ನ ಯಾರಿಗೂ ಹೇಳೋ ಹಾಗಿಲ್ಲ ಅಂದಳು. ಹೇಳುತ್ತಿರುವಾಗಲೇ ಅದು ಎಷ್ಟು ನಾಚಿಕೆಗೆಟ್ಟ ಮಾತು ಅಂತ ಅವಳಿಗೇ ಕೇಳಿಸಿತು.

ಜೀರುಂಡೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಅಮ್ಮ ಹೇಳಲಿಲ್ಲ, ಸರಿ, ಅವಳಿಗೆ ಭಯ. ನಿನಗೇನಿತ್ತು? ಗುರುತು ಪರಿಚಯ ಇಲ್ಲದೋರಿಗೆಲ್ಲ ದೇಶ ದಾಟಿಸಿ ಹೇಳಿದ್ರಿ. ಪಕ್ಕದ ಬೀದೀಲಿರೋ ನನಗೆ ಹೇಳೋಕೆ ನಿಮಗೆ ನಿಯಮ ಅಡ್ಡ ಬಂತು."

ಚೀಟಿಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡು ಮೆಟ್ಟಿಲು ಇಳಿದಳು. ಮಾತ್ರೆ ಕೊಡುವ ಕಿಟಕಿಯ ಮುಂದೆ ಸರದಿಯಲ್ಲಿ ನಿಂತು, ತಾಯಿಯ ಮಾತ್ರೆ ತೆಗೆದುಕೊಂಡೇ ಹೋದಳು.

ರಬ್ಬರಮ್ಮ ಅದೇ ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಈ ಸಲ ನಿಂತ ಕಾಲಲ್ಲೇ ಹೇಳಿದಳು. ಅದು ಹುಳ ಅಲ್ಲ ಸರ್. ಅವರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈಯಲಿಲ್ಲ. ನಿಯಮದಂತೆ ಎಲ್ಲ ನಡೆಯಿತು. ಎರಡೂ ಕಡೆಗೆ ವರದಿ ಹೋಯಿತು, ಮಾಹಿತಿಗೆ ಬೀಗ ಬಿತ್ತು, ಫಲಕವನ್ನು ಇಳಿಸಿದರು, ಗೋಡೆಯ ಮೇಲೆ ಅಂಟಿನ ಗುರುತು ಉಳಿಯಿತು. ಔಷಧದ ಮಾತು ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಅಂತ ಯಾರೂ ಹೇಳಲಿಲ್ಲ. ಅವಳನ್ನು ಎರಡನೆಯ ಮಹಡಿಯಿಂದ ತೆಗೆದು ಕೆಳಗೆ ಹೊರರೋಗಿಗಳ ಟೋಕನ್ ಕೊಡುವ ಕಿಟಕಿಗೆ ಹಾಕಿದರು. ಅಲ್ಲಿ ಹೆಸರು ಕೇಳಿ ಬರೆದುಕೊಳ್ಳುವುದೇ ಕೆಲಸ. ಜೊತೆಯವರು ರಬ್ಬರಮ್ಮ ಅನ್ನುವುದನ್ನು ನಿಲ್ಲಿಸಿದರು. ಅಷ್ಟರಮಟ್ಟಿಗೆ ಅವರು ಒಳ್ಳೆಯವರೇ.

ಪ್ರೊಫೆಸರು ಉತ್ತರ ಬರೆದರು. ಅದರ ತುಂಬ ಕ್ಷಮೆಯೇ. ಆದರೆ ಕೊನೆಯಲ್ಲಿ ಒಂದು ಸಂಕೋಚದ ವಿನಂತಿಯೂ ಇತ್ತು. ಹಲವು ದೇಶಗಳಲ್ಲಿ ಯೋಜನೆ ಈಗಾಗಲೇ ಅದೇ ಹೆಸರಿನಲ್ಲಿ ದಾಖಲಾಗಿದೆ, ಬದಲಿಸಬೇಕೆಂದರೆ ಎಲ್ಲ ಅನುಮತಿಗಳನ್ನೂ ಮೊದಲಿನಿಂದ ತೆಗೆದುಕೊಳ್ಳಬೇಕು. ಆ ಹೆಸರಿನ ಒಡತಿ ಒಪ್ಪುವುದಾದರೆ ಅದನ್ನೇ ಉಳಿಸಿಕೊಳ್ಳಬಹುದೇ? ಒಪ್ಪದಿದ್ದರೆ ಖಂಡಿತ ಬದಲಿಸುತ್ತೇವೆ, ಎಷ್ಟೇ ಕಾಲ ಹಿಡಿಯಲಿ.

ಆ ಒಪ್ಪಿಗೆಯ ಕಾಗದವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ತಾನೇ ತೆಗೆದುಕೊಂಡು ಹೋಗುತ್ತೇನೆ ಅಂದಳು ಇವಳು. ಆ ಮನೆಯ ಮೆಟ್ಟಿಲು ಹತ್ತಿ ಬಹಳ ದಿನವಾಗಿತ್ತು. ಮೊದಲು ಕದ ತಟ್ಟದೆ ಒಳಗೆ ನುಗ್ಗುತ್ತಿದ್ದವಳು ಅಂದು ಬೆಲ್ಲು ಒತ್ತಿ ಕಾದಳು. ಬಾಗಿಲು ತೆಗೆದವಳು ತಂಗಿಯೇ. ಕೂತ್ಕೋ ಅಂದಳು. ಮಗು ನೆಲದ ಮೇಲೆ ಹಳೆಯ ಕನ್ನಡಕದ ಫ್ರೇಮುಗಳನ್ನು ಹರಡಿಕೊಂಡು ಆಡುತ್ತಿತ್ತು. ಚಿಕ್ಕಮ್ಮ ಅಡುಗೆಮನೆಯಲ್ಲಿದ್ದಳು, ಪಾತ್ರೆಯ ಸದ್ದು ಕೇಳುತ್ತಿತ್ತು, ಹೊರಗೆ ಬರಲಿಲ್ಲ. ಪರೀಕ್ಷೆ ಮಾಡಿಸಿದೆಯಾ ಅಂತ ಕೇಳುವ ಧೈರ್ಯ ಇವಳಿಗಿರಲಿಲ್ಲ. ಅವಳೂ ಹೇಳಲಿಲ್ಲ.

ತಂಗಿ ಕಾಗದವನ್ನು ಪೂರ್ತಿ ಓದಿದಳು. ಬೇಡ ಅಂದುಬಿಡು, ಬದಲಾಯಿಸ್ತಾರೆ, ಅವರಿಗೆ ಏನೂ ಆಗಲ್ಲ ಅಂತ ಅಕ್ಕ ಬೇಡಿಕೊಂಡಳು. ತಂಗಿ ಪೆನ್ನಿಗೆ ಕೈಚಾಚಿದಳು.

"ಅವರೇ ಇಟ್ಕೊಳ್ಳಲಿ. ಬದಲಾಯಿಸ್ತಾ ಕೂತ್ರೆ ಔಷಧಿ ಇನ್ನೂ ತಡ ಆಗತ್ತೆ. ನನಗೆ ಇನ್ಮೇಲೆ ಆ ಹೆಸರು ಬೇಡ. ನೀವೂ ಕರೀಬೇಡಿ."

ಸಹಿ ಹಾಕಿದಳು. ಶಾಲೆಯಲ್ಲಿದ್ದ ಹೆಸರು, ಪೂರ್ತಿ, ಒಂದು ಅಕ್ಷರವೂ ಅಲುಗದ ಹಾಗೆ. ಅಕ್ಕ ಕಾಗದ ತೆಗೆದುಕೊಂಡು, ತಪ್ಪಾಯ್ತು ಕಣೇ ಅಂದಳು. ಕಣೇ ಅಂದ ಮೇಲೆ ನಾಲಗೆ ಅಭ್ಯಾಸದಂತೆ ಮುಂದಿನ ಮಾತಿಗೆ ಹೊರಟಿತು, ಅದನ್ನು ಹಲ್ಲು ಕಚ್ಚಿ ತಡೆದಳು. ತಂಗಿ ಮಗುವಿನ ಬಾಯಿಂದ ಫ್ರೇಮು ಬಿಡಿಸಿದಳು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಚಿಕ್ಕಮ್ಮನ ಕೈಯಿಂದಲೇ ಜಾರಿರಬೇಕು. ಗಾಬರಿಯಾದರೆ ಮಗಳನ್ನು ಕೂಗುವುದು ಅವಳ ಜೀವಮಾನದ ರೂಢಿ, ಕೂಗಿದಳು. "ಜೀ" ಅಂದ ಧ್ವನಿ ಅಲ್ಲೇ ತುಂಡಾಯಿತು. ಹೊರಗೆ ಇಬ್ಬರೂ ಕಾದರು. ಆಮೇಲೆ ಚಿಕ್ಕಮ್ಮ ಒಳಗಿನಿಂದ ಮಗಳನ್ನು ಶಾಲೆಯ ಹೆಸರು ಹಿಡಿದು ಕರೆದಳು, ಮೆಲ್ಲಗೆ, ತಪ್ಪಿಲ್ಲದೆ ಹೇಳಬೇಕು ಅನ್ನುವ ಎಚ್ಚರದಲ್ಲಿ, ಹೊಸಬರನ್ನು ಕರೆಯುವ ಹಾಗೆ. ಮಗಳು ಬಂದೆ ಅಂತ ಎದ್ದು ಒಳಗೆ ಹೋದಳು.